ಚಿಕ್ಕವನ ಕೈಗುಣ

ಕೈಗುಣ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಡಾಕ್ಟರರ ಕೈಗುಣ ಒಳ್ಳೆಯದು, ಉಪ್ಪಿನಕಾಯಿ ಹಾಕುವವಳ ಕೈಗುಣ ಒಳ್ಳೆಯದು ಎಂದು ಜನ ಸಲೀಸಾಗಿ ಆಡುವ ಮಾತು. ನಾನೂ ಆಡುತ್ತಿದ್ದೆ. ನನ್ನ ಇಬ್ಬರು ಹುಡುಗರ ನಡುವೆ ಅದು ಬಂದು ಕೂರುವ ತನಕ ಎಂಥ ಕೆಟ್ಟ ಮಾತು ಎಂದು ಗೊತ್ತಿರಲಿಲ್ಲ.

ಆಗ ನಾವು ಹೊಸಪೇಟೆಯಲ್ಲಿ, ಸಂಡೂರಿನ ಕಡೆ ಹೋಗುವ ರಸ್ತೆಗೆ ಅಂಟಿಕೊಂಡ ಬಾಡಿಗೆ ಮನೆಯಲ್ಲಿದ್ದೆವು. ಗಣಿಯ ಕಾಲ. ಅದಿರಿನ ಲಾರಿಗಳು ಹಗಲಿರುಳೆನ್ನದೆ ಒಂದರ ಹಿಂದೆ ಒಂದು ಹೋಗುತ್ತಿದ್ದವು. ನನ್ನ ಗಂಡ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರು. ಮನೆಯಲ್ಲಿ ಸಂಧ್ಯಾವಂದನೆಗೆ ಬಿಳಿ ಪಂಚೆಯೇ ಆಗಬೇಕು. ಅದು ತಂತಿಯ ಮೇಲೆ ಒಣಗುವಷ್ಟರಲ್ಲಿ ಕಾವಿಯಾಗಿರುತ್ತಿತ್ತು. "ಮೇಷ್ಟ್ರು ಸನ್ಯಾಸ ತಗೊಂಡಾರೇನ್ರಿ?" ಎಂದು ನೆರೆಯವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಒಗೆಯುವವಳು ನಾನು. ಹೆಪ್ಪು ಹಾಕಿದ ಮೊಸರಿನ ಮೇಲೂ ಕೆಂಪು ಪುಡಿ ಕೂತಿರುತ್ತಿತ್ತು. ಬಾಗಿಲು ಮುಚ್ಚಿದರೆ ಸೆಕೆ, ತೆರೆದರೆ ಧೂಳು, ಯಾರಿಗೆ ಹೇಳಿದರೂ ಒಂದೇ ಉತ್ತರ: "ಏನ್ ಮಾಡದು ಅಮ್ಮಾರ, ಊರಿಗೆ ಲಕ್ಷ್ಮಿ ಬಂದಾಳ." ಲಕ್ಷ್ಮಿ ಬರುವಾಗ ಕಾಲು ತೊಳೆದುಕೊಂಡು ಬರಬಾರದೇ ಎಂದು ನಾನು ಗೊಣಗುತ್ತಿದ್ದೆ.

ಹುಡುಗರಿಗೆ ಮಾತ್ರ ಇದೆಲ್ಲ ಹಬ್ಬ. ದೊಡ್ಡವನಿಗೆ ಎಂಟು, ಚಿಕ್ಕವನಿಗೆ ಆರು. ಬೆಳಗ್ಗೆ ಕಣ್ಣು ಬಿಟ್ಟರೆ ಲಾರಿ ಆಟ. ಚಿಕ್ಕವನು ನಾಲ್ಕು ಕಾಲಿನ ಮೇಲೆ ನಿಂತು ಲಾರಿಯಾಗಬೇಕು, ದೊಡ್ಡವನು ಡ್ರೈವರು, ಕ್ಲೀನರು, ಲೋಡು ಮಾಡುವವನು ಎಲ್ಲವೂ. ಬಿಸಿಲಿಗೆ ಹರವಿದ ನನ್ನ ತೊಗರಿಬೇಳೆಯೇ ಅದಿರು. ತಟ್ಟೆ ತುಂಬ ಬೇಳೆ ತಮ್ಮನ ಬೆನ್ನಿನ ಮೇಲೇರಿ ಮಹಡಿಯ ಮೆಟ್ಟಿಲು ಹತ್ತುತ್ತಿತ್ತು. ಆ ಮೆಟ್ಟಿಲು ಸಂಡೂರಿನ ಘಾಟು. "ಬರ್ಲಿ, ಬರ್ಲಿ, ರೈಟ್... ಲೇ, ಹೋಲ್ಡಾನ್!" ಎಂದು ದೊಡ್ಡವನು ಕ್ಲೀನರನ ಹಾಗೆ ಗೋಡೆ ತಟ್ಟುತ್ತಿದ್ದ. ಅಷ್ಟರಲ್ಲಿ ಬೇಳೆ ಅಂಗಳದ ತುಂಬ. ನಾನು ಲಟ್ಟಣಿಗೆ ಹಿಡಿದು ಹೊರಗೆ ಬಂದರೆ ಒಬ್ಬ ಹಿತ್ತಲಿಗೆ, ಇನ್ನೊಬ್ಬ ಬೀದಿಗೆ. ಒಂದೇ ಕಡೆ ಓಡಿದರೆ ಇಬ್ಬರೂ ಸಿಗುತ್ತೇವೆಂದು ಅವರೇ ಗೊತ್ತು ಮಾಡಿಕೊಂಡಿದ್ದರು. ನನ್ನ ಗಂಟಲು ಬಿದ್ದುಹೋಗುತ್ತಿತ್ತು. ಸಂಜೆ ಕಾಲು ತೊಳೆಸಿದರೆ ಬಚ್ಚಲಿನ ನೀರು ರಂಗಪಂಚಮಿಯಂತೆ ಹರಿಯುತ್ತಿತ್ತು.

ಶಾಲೆ ರಸ್ತೆಯ ಆಚೆ ಬದಿಗಿತ್ತು. ನಾನು ದಾಟಿಸಲು ಹೋದರೆ ದೊಡ್ಡವನಿಗೆ ಅವಮಾನ. ತಮ್ಮನನ್ನು ತಾನೇ ದಾಟಿಸುತ್ತಿದ್ದ, ನಾನು ಗೇಟಿನಲ್ಲಿ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅವನು ತಮ್ಮನ ಅಂಗೈ ಹಿಡಿಯುತ್ತಿರಲಿಲ್ಲ, ಮಣಿಕಟ್ಟು ಹಿಡಿಯುತ್ತಿದ್ದ. ಯಾಕೆಂದು ಕೇಳಿದ್ದಕ್ಕೆ, "ಅಂಗೈ ಬೆವರಿದ್ರ ಜಾರ್ತದಮ್ಮ, ಇದು ಜಾರಂಗಿಲ್ಲ" ಎಂದಿದ್ದ. ಎಂಟು ವರ್ಷದ ಹುಡುಗನಿಗೆ ಇಷ್ಟು ಹೊಳೆದಿದೆಯಲ್ಲ ಎಂದು ಅವತ್ತು ನನಗೆ ಹೆಮ್ಮೆಯಾಗಿತ್ತು.

ಮನೆಯ ಮಾಲೀಕ ಪಕ್ಕದಲ್ಲೇ ಇದ್ದ. ಮೊದಲು ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದವನು, ಊರಿಗೆ ಊರೇ ಲಾರಿ ಕೊಳ್ಳುವಾಗ ಅವನೂ ಒಂದು ಕೊಂಡ. ಹೊಸ ಲಾರಿ ಮನೆ ಮುಂದೆ ಬಂದ ದಿನ ಬಾಳೆಕಂದು, ಹೂವಿನ ಹಾರ, ಬೂದುಗುಂಬಳ ಎಲ್ಲ ತಂದಿದ್ದರು. ಪೂಜೆಯಾದ ಮೇಲೆ ಮುಂದಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಲಾರಿಯನ್ನು ಅದರ ಮೇಲೆ ಹಾಯಿಸುವುದು ಪದ್ಧತಿ. ಮಾಲೀಕ ತಟ್ಟೆ ಹಿಡಿದು ನಿಂತಿದ್ದಾಗ ನನ್ನ ಚಿಕ್ಕವನು ಎಲ್ಲಿಂದಲೋ ನುಗ್ಗಿ ನಿಂಬೆಹಣ್ಣು ಕಸಿದು ತಾನೇ ಗಾಲಿಗಳ ಕೆಳಗೆ ಇಟ್ಟುಬಿಟ್ಟ. ನಾನು ಕಿರುಚಿದೆ. ಡ್ರೈವರು ನಕ್ಕ. ಲಾರಿ ಹೊರಟಿತು, ಎರಡೂ ಹಣ್ಣು ಪಟ್ ಎಂದು ಒಡೆದವು, ಎಲ್ಲರೂ ಭಾಳ ಚಲೋ ಶಕುನ ಎಂದರು.

ಆ ಲಾರಿ ಮುಂದೆ ಒಂದು ದಿನವೂ ಖಾಲಿ ನಿಲ್ಲಲಿಲ್ಲವಂತೆ. ಆ ವರ್ಷ ಯಾರ ಲಾರಿ ಖಾಲಿ ನಿಂತಿತ್ತು? ಚೀನಾದವರು ಮಣ್ಣೆಂಬ ಮಣ್ಣನ್ನೆಲ್ಲ ಕೊಳ್ಳುತ್ತಿದ್ದರು, ಮುರುಕಲು ಗಾಡಿಗೂ ಲೋಡು ಸಿಗುತ್ತಿತ್ತು. ಆದರೆ ಮಾಲೀಕನ ಲೆಕ್ಕವೇ ಬೇರೆ. "ಅಮ್ಮಾರ, ನಿಮ್ಮ ಸಣ್ಣ ಹುಡುಗನ ಕೈಗುಣ ಭಾಳ ಚಲೋ ಐತ್ರಿ" ಎಂದು ಬಂದು ಹೇಳಿದ. ಅಲ್ಲಿಂದ ಪ್ರತಿ ಅಮಾವಾಸ್ಯೆ ಗಾಡಿ ಪೂಜೆಗೆ ಚಿಕ್ಕವನೇ ಆಗಬೇಕು. ಸುದ್ದಿ ಹರಡಿ ಬೀದಿಯ ಉಳಿದ ಲಾರಿಯವರೂ ಕರೆಯತೊಡಗಿದರು. ಅವನನ್ನು ಸೀಟಿನ ಮೇಲೆ ಕೂರಿಸುವುದೇನು, ಸ್ಟಿಯರಿಂಗ್ ಮುಟ್ಟಿಸುವುದೇನು, ಕಿಸೆ ತುಂಬ ಚಾಕಲೇಟು ಹಾಕುವುದೇನು! ಗಾಲಿಯ ಕೆಳಗೆ ಕೈ ಹಾಕಲು ಇವರಿಗೆ ನನ್ನ ಮಗನೇ ಬೇಕೇ, ಇವರ ಮನೆಯಲ್ಲಿ ಮಕ್ಕಳಿಲ್ಲವೇ ಎಂದು ನಾನು ಗಂಡನ ಮೇಲೆ ಹರಿಹಾಯ್ದೆ. "ದೇವರ ಕೆಲಸ, ಹಂಗ ಅನಬಾರ್ದು" ಎಂದರು. ಮಗನ ಬಗ್ಗೆ ನಾಲ್ಕು ಜನ ಹೊಗಳುವುದು ಅವರಿಗೆ ಒಳಗೊಳಗೇ ಹಿತವಾಗಿತ್ತು.

ದೊಡ್ಡವನು ಗುಂಪಿನ ಹಿಂದೆ ನಿಂತು ನೋಡುತ್ತಿದ್ದ. ತಮ್ಮ ತಂದ ಚಾಕಲೇಟಿನಲ್ಲಿ ಅವನಿಗೂ ಪಾಲು ಸಿಗುತ್ತಿತ್ತು, ಅದಕ್ಕೇನೂ ಕೊರತೆಯಿಲ್ಲ. ಆದರೆ "ನಾನೂ ಒಂದ್ಸಲ ಇಡ್ತೀನಿ" ಎಂದು ಕೇಳಿದಾಗಲೆಲ್ಲ ಯಾರಾದರೂ ಅವನ ತಲೆ ಸವರಿ ಪಕ್ಕಕ್ಕೆ ಸರಿಸುತ್ತಿದ್ದರು. ಒಂದು ಅಮಾವಾಸ್ಯೆಗೆ ಚಿಕ್ಕವನಿಗೆ ಜ್ವರ ಬಂತು. ಮಾಲೀಕ ಅಷ್ಟರಲ್ಲಿ ಯಾರೋ ಓಡಿಸಿ ಬಿಟ್ಟ ಹಳೆಯ ಗಾಡಿಯೊಂದನ್ನು ಎರಡನೆಯ ಲಾರಿಯೆಂದು ಕೊಂಡಿದ್ದ, ಅವತ್ತು ಅದರ ಮೊದಲ ಪೂಜೆ. ಬೇರೆ ದಾರಿಯಿಲ್ಲದೆ ದೊಡ್ಡವನನ್ನು ಕರೆದ. ಅವನು ಕೈ ತೊಳೆದು, ತಲೆ ಬಾಚಿಕೊಂಡು ಹೋಗಿ, ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿ, ಹಣ್ಣು ಗಾಲಿಯ ನಟ್ಟನಡುವೆ ಬರುವ ಹಾಗೆ ಇಟ್ಟ. ಅಷ್ಟು ಅಚ್ಚುಕಟ್ಟಾಗಿ ಚಿಕ್ಕವನು ಒಮ್ಮೆಯೂ ಇಟ್ಟಿರಲಿಲ್ಲ. ಮನೆಗೆ ಬಂದು ಜ್ವರದ ತಮ್ಮನ ಪಕ್ಕ ಕೂತು ಹೇಗೆ ಇಟ್ಟೆ ಎಂದು ಊಟದ ಹೊತ್ತಿನ ತನಕ ವರ್ಣಿಸಿದ.

ಆ ಲಾರಿ ಮುಂದಿನ ಅಮಾವಾಸ್ಯೆಯೊಳಗೆ ಸಂಡೂರಿನ ಘಾಟಿನಲ್ಲಿ ಮಗುಚಿತು. ಡ್ರೈವರನ ಕಾಲು ಮುರಿಯಿತು. ಯಾಕೆ ಮಗುಚಿತೆಂದು ಬೀದಿಗೆಲ್ಲ ಗೊತ್ತಿತ್ತು. ಮೇಲೆ ಗೋಪುರದ ಹಾಗೆ ಲೋಡು ಹೇರಿದ್ದರು, ಟೈರು ಬೋಳಾಗಿದ್ದವು, ಡ್ರೈವರು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ. ಆಸ್ಪತ್ರೆಯಿಂದ ಬಂದ ಮಾಲೀಕ ನಮ್ಮ ಅಂಗಳದಲ್ಲಿ ನಿಂತು, ಹೋಮ್‌ವರ್ಕ್ ಬರೆಯುತ್ತಿದ್ದ ನನ್ನ ದೊಡ್ಡ ಮಗನನ್ನು ನೋಡಿ, "ಆ ದಿನ ಕೈ ಬದಲಾತು ನೋಡ್ರಿ" ಎಂದ.

ನನಗೆ ಪಿತ್ತ ನೆತ್ತಿಗೇರಿತು. "ಕೈ ಬದಲಾಗಿದ್ದಕ್ಕಲ್ರೀ, ಟೈರು ಬದಲಾಗ್ಲಿಲ್ಲಂತ ಬಿತ್ತು! ಹುಡುಗರ ಮ್ಯಾಲೆ ಹಾಕಬ್ಯಾಡ್ರಿ, ನಾಚಿಕಿ ಆಗಬೇಕು" ಎಂದೆ. ಅವನು ಸಿಟ್ಟಾಗಲಿಲ್ಲ. "ಇಲ್ರಿ ಅಮ್ಮಾರ, ಹುಡುಗಗ ಏನ್ ಗೊತ್ತಿರತೈತಿ, ನಾ ಅವನ್ನ ಬೈಲಿಲ್ಲಲ್ಲ" ಎಂದು ಮೃದುವಾಗಿ ಹೇಳಿ ಹೋದ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರವಿತ್ತು.

ಒಂದು ಬೆಳಗ್ಗೆ ಕೊತ್ತಂಬರಿ ತರಲು ದೊಡ್ಡವನನ್ನು ಮೂಲೆಯ ಅಂಗಡಿಗೆ ಕಳಿಸಿದೆ. ಬರಿಗೈಲಿ ಬಂದ. ಕೇಳಿದರೆ, "ಇನ್ನಾ ಬೋಣಿ ಆಗಿಲ್ಲಂತ, ತಮ್ಮನ್ನ ಕಳಸು ಅಂದ್ರು" ಎಂದ, ಏನೂ ಆಗದವನ ಹಾಗೆ. ದಿನದ ಮೊದಲ ವ್ಯಾಪಾರ ಅವನ ಕೈಯಿಂದ ಬೇಡವಂತೆ! ಒಲೆಯ ಮೇಲೆ ಸಾರು ಬಿಟ್ಟು ಹೋಗಿ ಆ ಅಂಗಡಿಯವನಿಗೆ ಬೀದಿ ಕೇಳುವ ಹಾಗೆ ಬೈದೆ. ಬೋಣಿಯನ್ನು ನಾನೇ ಮಾಡಿದೆ, ನಾಳೆಯಿಂದ ನಿನ್ನ ಅಂಗಡಿ ಮುಚ್ಚುತ್ತದೆ ನೋಡು ಎಂದೂ ಹೇಳಿ ಬಂದೆ. ಮುಚ್ಚಲಿಲ್ಲ, ಅದು ಬೇರೆ ಮಾತು. ಸಾರು ಮಾತ್ರ ಉಕ್ಕಿ ಒಲೆ ಆರಿತ್ತು.

ಗಂಡನಿಗೆ ಹೇಳಿದೆ. "ನೀವು ಒಂದ್ಸಲ ಆ ಮಾಲೀಕಗ ಗಟ್ಟಿಯಾಗಿ ಹೇಳ್ರಿ, ನೀವು ಹೇಳಿದ್ರ ಕೇಳ್ತಾನ." ಅವರು ಪೇಪರು ಮಡಿಸುತ್ತ, "ಜನ ಅಂತಾರ, ಬಿಡ್ತಾರ. ಎಲ್ಲಾದಕ್ಕೂ ಬಾಯಿ ಮಾಡಿದ್ರ ಹೆಂಗ?" ಎಂದರು. ಆ ದಿನಗಳಲ್ಲಿ ಅವರೂ ಮಾಲೀಕನೂ ಸಂಜೆಯಾದರೆ ಜಗುಲಿಯ ಮೇಲೆ ಕೂತು ಮಾತಾಡುತ್ತಿದ್ದರು. ಇಬ್ಬರೂ ಪಾಲು ಹಾಕಿ ಮೂರನೆಯ ಲಾರಿ ತರುವ ಮಾತುಕತೆ ಅದು. ನನಗೆ ಸುತರಾಂ ಇಷ್ಟವಿರಲಿಲ್ಲ. ಆದರೆ ಕಾಲೇಜಿನ ಜವಾನನೂ ಲಾರಿ ಇಟ್ಟಿರುವಾಗ ತಾವೊಬ್ಬರು ಸುಮ್ಮನಿರುವುದು ಅವರಿಗೆ ಸಹಿಸಲಾಗದಾಗಿತ್ತು.

ಒಂದು ಭಾನುವಾರ ಹಂಪಿಗೆ ಹೋದೆವು. ಹುಡುಗರನ್ನು ಧೂಳಿನಿಂದ ಒಂದು ದಿನವಾದರೂ ಬಿಡಿಸಬೇಕಿತ್ತು. ವಿರೂಪಾಕ್ಷನ ದರ್ಶನ ಮುಗಿಸಿ ಬಜಾರಿನ ಕಲ್ಲು ಮಂಟಪಗಳಲ್ಲಿ ಇಬ್ಬರೂ ಕಂಬ ಕಂಬ ಸುತ್ತಿ ಓಡಿದರು, ಬಾಳೆಹಣ್ಣಿನ ಬುಟ್ಟಿಯವಳ ಬೈಗುಳ ತಿಂದರು. ಅಲ್ಲಿಯ ತನಕ ಎಲ್ಲ ಎಂದಿನ ಹಾಗೇ. ಹೇಮಕೂಟದ ಬಂಡೆ ಹತ್ತುವಾಗ ದೊಡ್ಡವನು ಮುಂದೆ, ಚಿಕ್ಕವನು ಹಿಂದೆ. ಕಡಿದಾದ ಕಡೆ ಚಿಕ್ಕವನು ಅಭ್ಯಾಸಬಲದಿಂದ ಕೈ ಚಾಚಿದ. ದೊಡ್ಡವನು ತನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಚಿಕ್ಕವನು ಜಾರಿ ಮಂಡಿ ತರಚಿಕೊಂಡು ಊರು ಒಂದಾಗುವ ಹಾಗೆ ಅತ್ತ.

"ಕೈ ಕೊಡಲಿಕ್ಕೆ ಏನಾಗಿತ್ತು ನಿನಗ?" ಎಂದು ದೊಡ್ಡವನ ಬೆನ್ನಿಗೆ ಒಂದು ಕೊಟ್ಟೆ. ತಮ್ಮನ ಮೇಲಿನ ಹೊಟ್ಟೆಕಿಚ್ಚು ಎಂದುಕೊಂಡೆ. ಮರುದಿನ ಗೇಟಿನಲ್ಲಿ ನಿಂತು ನೋಡಿದರೆ ರಸ್ತೆ ದಾಟುವಾಗಲೂ ಅವನು ಮಣಿಕಟ್ಟು ಹಿಡಿದಿರಲಿಲ್ಲ. ಎರಡೂ ಕೈ ಚಡ್ಡಿಯ ಜೇಬಿನಲ್ಲಿ. "ಈಗ ಬಾ, ಈಗ ನಿಲ್ಲು" ಎಂದು ಬಾಯಲ್ಲೇ ಹೇಳುತ್ತ ತಮ್ಮನನ್ನು ದಾಟಿಸುತ್ತಿದ್ದ. ಹಾರನ್ನಿನ ಗದ್ದಲದಲ್ಲಿ ಚಿಕ್ಕವನಿಗೆ ಎಷ್ಟು ಕೇಳುತ್ತಿತ್ತೋ. ಅವತ್ತಿನಿಂದ ನಾನೇ ದಾಟಿಸತೊಡಗಿದೆ. ಅವನು ಅವಮಾನವೆಂದು ಹಟ ಮಾಡಲಿಲ್ಲ.

ನಮ್ಮ ಪಾಲಿನ ಲಾರಿ ಬರುವ ಹಿಂದಿನ ದಿನ ಗಂಡ, "ದೊಡ್ಡವನ್ನ ಕಂಪ್ಲಿಗೆ ಬಿಟ್ಟು ಬರ್ತೀನಿ. ಇಬ್ರೂ ಇದ್ರ ಪೂಜಿ ದಿನ ಗದ್ದಲ. ನಿಮ್ಮ ತಾಯಿನೂ ನೋಡಬೇಕು ಅಂತಿದ್ರಲ್ಲ" ಎಂದರು. ಕಂಪ್ಲಿ ನನ್ನ ತವರು. ನನ್ನ ತಮ್ಮನ ಹೆಂಡತಿ ಹೆತ್ತು ಎರಡು ತಿಂಗಳಾಗಿತ್ತು, ಮನೆಯಲ್ಲಿ ಕೂಸು. ಹುಡುಗನಿಗೂ ಹವಾ ಬದಲಾಗಲಿ ಎಂದು ಒಪ್ಪಿದೆ. ಅವನು ಚೀಲ ಹಿಡಿದು, ಅಪ್ಪನ ಹಿಂದೆ ತಿರುಗಿ ನೋಡದೆ ಹೋದ. ಚಿಕ್ಕವನು ತಾನೂ ಹೋಗುತ್ತೇನೆಂದು ಗೇಟು ಹಿಡಿದು ಅತ್ತ.

ಮರುದಿನ ಬೆಳಗ್ಗೆ ಪೂಜೆ. ಲಾರಿ ಮದುಮಗನ ಹಾಗೆ ನಿಂತಿತ್ತು. ಮಾಲೀಕ ತಟ್ಟೆಯನ್ನು ಚಿಕ್ಕವನ ಮುಂದೆ ಹಿಡಿದ. ಚಿಕ್ಕವನು ಕೈ ಹಿಂದೆ ಕಟ್ಟಿಕೊಂಡು, "ಅಣ್ಣ ಬಂದ ಮ್ಯಾಲೆ ಇಡ್ತೀನಿ. ಒಂದು ಅವ, ಒಂದು ನಾನು" ಎಂದ. ಸುತ್ತಲಿದ್ದವರು ನಕ್ಕರು. ಮಾಲೀಕ ಅವನ ಗಲ್ಲ ಹಿಡಿದು ರಮಿಸಿದ. "ಹಂಗ ಅನಬಾರ್ದಪ. ಅವ ಇರಬಾರ್ದಂತನ ನಿಮ್ಮಪ್ಪಾರು ಊರಿಗೆ ಬಿಟ್ಟು ಬಂದಾರ. ನೀ ಜಲ್ದಿ ಇಡು, ಹೊತ್ತು ಮೀರತೈತಿ."

ನಾನು ಗಂಡನ ಮುಖ ನೋಡಿದೆ. ಅವರು ಲಾರಿಯ ಕನ್ನಡಿಗೆ ಹಾರ ಕಟ್ಟುತ್ತಿದ್ದರು, ಕಟ್ಟಿದ ಗಂಟನ್ನೇ ಮತ್ತೆ ಕಟ್ಟುತ್ತಿದ್ದರು.

"ಹೌದೇನ್ರಿ?"

"ಪೂಜಿ ಮುಗೀಲಿ. ಒಳಗ ಮಾತಾಡೋಣ."

"ಹೌದೇನು ಅಲ್ಲೇನು, ಅಷ್ಟು ಹೇಳ್ರಿ."

"ಏನಾದ್ರೂ ಆದ್ರ ನಾಳೆ ಜನ ಮತ್ತ ಅವನ ಮ್ಯಾಲೇ ಹಾಕ್ತಾರ. ಅವನ ಒಳ್ಳೇದಕ್ಕಂತನೇ..."

"ಜನ ಹಾಕ್ತಾರಂತ ನೀವೇ ಮೊದಲು ಹಾಕಿದ್ರೇನು? ಕಾಲೇಜಿನಾಗ ಹುಡುಗ್ರಿಗೆ ಏನು ಕಲಸ್ತೀರಿ? ಇಳಿಜಾರಿನಾಗ ಗಾಡಿ ಯಾಕ ಬೀಳ್ತದ ಅಂತ ಬೋರ್ಡಿನ ಮ್ಯಾಲೆ ಬರೀತೀರಲ್ಲ, ಅದರಾಗ ನನ್ನ ಮಗನ ಕೈ ಎಲ್ಲಿ ಬರ್ತದ ತೋರಸ್ರಿ!"

ಪುರೋಹಿತರು ಮಂತ್ರ ನಿಲ್ಲಿಸಿದರು. ಅಷ್ಟು ಜನರ ಮುಂದೆ ನಾನು ಗಂಡನ ಎದುರು ದನಿ ಎತ್ತಿದ್ದು ಅದೇ ಮೊದಲು. ಅವರಿಗೂ ರೇಗಿತು. "ಸುಮ್ನ ಕೂಗಾಡಬ್ಯಾಡ. ಅವನಿಗೆ ಎಲ್ಲಾ ಹೇಳೇ ಕರ್ಕೊಂಡು ಹೋಗೀನಿ. ಅವ ತಿಳ್ಕೊಂಡಾನ. ನಿನಗ ತಿಳೀವಲ್ದು."

ಅವನಿಗೆ ಹೇಳಿದ್ದರಂತೆ. ಎಂಟು ವರ್ಷದವನನ್ನು ಕೂರಿಸಿಕೊಂಡು, ನಿನ್ನ ಕೈ ನಮಗೆ ಆಗಿಬರುವುದಿಲ್ಲ, ನೀನು ಎದುರಿಗಿರಬೇಡ ಎಂದು ಹೆತ್ತ ಅಪ್ಪ ಹೇಳಿದ್ದ. ಅವನು ಹೂಂ ಎಂದಿದ್ದ. ಮಾಲೀಕ ಅಂದ, ಅಂಗಡಿಯವನು ಅಂದ, ಅವರಿಗೆಲ್ಲ ನಾನು ಬೈದು ಬಂದಿದ್ದೆ. ಇಲ್ಲಿ ನನ್ನ ಮನೆಯ ಊಟದ ಎಲೆಯ ಮುಂದೆ ಕೂರುವ ಮನುಷ್ಯ ಅದೇ ಮಾತನ್ನು ನನ್ನ ಮಗನ ತಲೆಗೆ ತುಂಬಿದ್ದ. ನನಗೆ ಅವತ್ತು ಬಂದ ಸಿಟ್ಟು ಮತ್ತೆಂದೂ ಬಂದಿಲ್ಲ. ಮಾಲೀಕನ ಕೈಯ ತಟ್ಟೆ ಕಸಿದು ರಸ್ತೆಗೆ ಎಸೆದೆ. ನಿಂಬೆಹಣ್ಣು, ಅರಿಸಿನ, ಕುಂಕುಮ ಎಲ್ಲ ಧೂಳಿನಲ್ಲಿ. ಚಿಕ್ಕವನನ್ನು ದರದರ ಎಳೆದುಕೊಂಡು, ಉಟ್ಟ ಸೀರೆಯಲ್ಲೇ ಬಸ್ ಸ್ಟ್ಯಾಂಡಿಗೆ ನಡೆದೆ. ಹಿಂದಿನಿಂದ ಯಾರೋ "ಅಪಶಕುನ" ಎಂದರು. ಆಗಲಿ ಎಂದೆ.

ಕಂಪ್ಲಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಗಂಡನನ್ನು ಬೈದೆ. ಬಾಯಿಂದಲೂ ಬಂದಿರಬೇಕು, ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಚಿಕ್ಕವನು ಕಿಟಕಿಯಿಂದ ಭತ್ತದ ಗದ್ದೆ ನೋಡುತ್ತಿದ್ದವನು ಇದ್ದಕ್ಕಿದ್ದಂತೆ, "ಅಮ್ಮ, ನನ್ನ ಕೈ ಕೆಟ್ಟದ್ದು ಆದ್ರ ಅಣ್ಣ ಮತ್ತ ಡ್ರೈವರ್ ಆಗ್ತಾನೇನು?" ಎಂದು ಕೇಳಿದ. ಅಣ್ಣ ಲಾರಿ ಆಟವನ್ನೂ ಬಿಟ್ಟಿದ್ದನೆಂದು ನನಗೆ ಹೊಳೆದದ್ದು ಆಗ. ಮನೆ ಎಷ್ಟೋ ದಿನದಿಂದ ಸದ್ದಿಲ್ಲದೆ ಇತ್ತು, ಬೇಳೆ ಅಂಗಳದಲ್ಲಿ ಇದ್ದಲ್ಲೇ ಒಣಗುತ್ತಿತ್ತು.

ತವರು ಮನೆಯ ಪಡಸಾಲೆಯಲ್ಲಿ ತಮ್ಮನ ಹೆಂಡತಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ದೊಡ್ಡವನು ದೂರದಲ್ಲಿ, ಬಾಗಿಲ ಬದಿಯ ಕಟ್ಟೆಯ ಮೇಲೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ನಾನು ಹೊಸ್ತಿಲು ದಾಟುವ ಮೊದಲೇ ನನ್ನ ತಾಯಿ ದೂರು ಹೇಳಿದಳು. "ನಿನ್ನಿಯಿಂದ ನೋಡ್ಲಿಕತ್ತೀನಿ, ಕೂಸಿನ ಹತ್ರನೇ ಸುಳೀವಲ್ಲ. ಎತ್ಕೋ ಅಂದ್ರ ಹಿತ್ತಲಿಗೆ ಓಡ್ತಾನ. ಏನ್ ಕಲಿಸೀಯವ್ವ ಇವಗ?"

ಚಿಕ್ಕವನು ಚಪ್ಪಲಿ ಕಳಚಿ ನೇರ ಹೋಗಿ ಕೂಸಿನ ಕಾಲು ಹಿಡಿದು ಅಲ್ಲಾಡಿಸಿದ. "ಲೇ, ಬಸ್ಸಿನಿಂದ ಬಂದೀ, ಕೈ ತೊಳ್ಕೊಂಡು ಮುಟ್ಟು!" ಎಂದು ದೊಡ್ಡವನು ಕೂತಲ್ಲಿಂದಲೇ ಗದರಿದ. ದನಿ ಅಣ್ಣನದೇ. ಕೈ ಮಾತ್ರ ತೊಡೆಯ ಕೆಳಗಿಂದ ಬರಲಿಲ್ಲ.

"ನೀನೂ ಬಾ, ಎತ್ಕೋ" ಎಂದೆ.

"ಬ್ಯಾಡಮ್ಮ."

"ಯಾಕ?"

"ಅದಕ್ಕೇನರ ಆಗ್ತದ."

ಅವನು ಅದನ್ನು ಅಳುತ್ತ ಹೇಳಲಿಲ್ಲ. ಒಲೆ ಮುಟ್ಟಿದರೆ ಸುಡುತ್ತದೆ ಎಂದು ಹೇಳುವ ಹಾಗೆ ಹೇಳಿದ. ನಾನು ಹೋಗಿ ಕೂಸಿಗಾಗಿ ಕೈ ಚಾಚಿದೆ. ತಮ್ಮನ ಹೆಂಡತಿ ಒಳ್ಳೆಯ ಹುಡುಗಿ, ನನ್ನ ಮಕ್ಕಳೆಂದರೆ ಪ್ರಾಣ. ಆದರೂ ಒಂದು ಗಳಿಗೆ ಅವಳ ತೋಳು ಕೂಸಿನ ಸುತ್ತ ಬಿಗಿಯಾಯಿತು. ಆಮೇಲೆ ನಾಚಿಕೊಂಡು ಕೊಟ್ಟಳು. ಅವಳ ತೋಳು ಬಿಗಿಯಾದದ್ದನ್ನು ನಾನು ನೋಡಿದೆ. ನನ್ನ ಮಗನೂ ನೋಡಿದ.

"ಹಿಡಿ!" ಎಂದು ಗದರಿದೆ. ಪ್ರೀತಿಯಿಂದ ಹೇಳಬೇಕೆಂದು ಬಂದವಳು ನಾನು, ಬಂದದ್ದು ಗದರಿಕೆಯೇ. ಅವನ ತೊಡೆಯ ಕೆಳಗಿಂದ ಕೈಗಳನ್ನು ನಾನೇ ಎಳೆದು ಹೊರಗೆ ತೆಗೆದೆ. ಬೆರಳುಗಳು ಒತ್ತಿ ಒತ್ತಿ ಬೆಳ್ಳಗಾಗಿ, ಕಟ್ಟೆಯ ಕಲ್ಲಿನ ಗೀರು ಮೂಡಿತ್ತು. ಕೂಸನ್ನು ಅವನ ಮಡಿಲಲ್ಲಿ ಇಟ್ಟೆ. ಅವನು ಹಿಡಿದ. ಕತ್ತಿನ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ, ಯಾರೂ ಹೇಳಿಕೊಡದೆ ಸರಿಯಾಗಿಯೇ ಹಿಡಿದ. ಉಸಿರು ಬಿಟ್ಟರೂ ಕೂಸಿಗೆ ತಾಕೀತೆಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದ. ಕೂಸು ಅವನ ಅಂಗಿಯ ಗುಂಡಿ ಹಿಡಿದು ಆಕಳಿಸಿತು.

"ನೋಡು, ಏನಾತು? ಏನೂ ಆಗ್ಲಿಲ್ಲ" ಎಂದೆ, ಗೆದ್ದವಳ ಹಾಗೆ.

ಅವನು ಕೂಸನ್ನೇ ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಬೇರೆ ಯಾರಿಗೂ ಕೇಳದ ಹಾಗೆ ಸಣ್ಣ ದನಿಯಲ್ಲಿ ಕೇಳಿದ.

"ಲಾರಿನೂ ಅವತ್ತೇ ಬೀಳ್ಲಿಲ್ಲಮ್ಮ. ಇದಕ್ಕ ಎಷ್ಟು ದಿನ ಕಾಯಬೇಕು?"